ಮುಚ್ಚಿಟ್ಟ ಮಾತ್ರೆಯ ಅಪಾಯ: ಸೆರೊಟೋನಿನ್ ಸಿಂಡ್ರೋಮ್ ಬಗ್ಗೆ ನಮ್ಮ ಕುಟುಂಬಗಳು ತಿಳಿದಿರಬೇಕಾದದ್ದು



ಈ ಸಲದ ಆರೋಗ್ಯ ಲೇಖನವನ್ನು ಒಂದು ಪ್ರಶ್ನೆಯಿಂದ ಶುರುಮಾಡೋಣ. "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಯಾವ ಆಸ್ಪತ್ರೆಗೆ ಹೋದರೂ ಡಾಕ್ಟರು ಕೇಳುವ ಪ್ರಶ್ನೆ ಇದು. ಕಾಸರಗೋಡಿನಲ್ಲಿ "ವೇರೆ ಮರುನ್ನು ಕಳಿಕ್ಕುನ್ನುಂಡೋ?" ಎನ್ನುತ್ತಾರೆ. ಹೊಸೂರು, ತಾಳವಾಡಿ ಕಡೆ "ವೇರ ಮರುಂದು ಸಾಪ್ಪಿಡುರೀಂಗಳಾ?" ಎನ್ನುತ್ತಾರೆ. ಸೊಲ್ಲಾಪುರ, ಜತ್ತದಲ್ಲಿ "ದುಸರೀ ಕಾಹೀ ಔಷಧಂ ಚಾಲೂ ಆಹೇತ ಕಾ?" ಎಂದು ಕೇಳಿದರೆ, ಆದೋನಿ, ರಾಯದುರ್ಗದಲ್ಲಿ "ವೇರೇ ಮಂದುಲು ಏಮೈನಾ ವಾಡುತುನ್ನಾರಾ?" ಎಂದು ಕೇಳುತ್ತಾರೆ. ಪ್ರಶ್ನೆಯ ಭಾಷೆ ಬೇರೆ ಬೇರೆ. ನಮ್ಮಲ್ಲಿ ಹಲವರ ಉತ್ತರ ಮಾತ್ರ ಎಲ್ಲ ಕಡೆ ಒಂದೇ: "ಇಲ್ಲ."

ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಇದ್ದರೆ ಸಂಕೋಚವಿಲ್ಲದೆ ಹೇಳುತ್ತೇವೆ. ಖಿನ್ನತೆಗೋ, ಆತಂಕಕ್ಕೋ, ಗೀಳಿಗೋ ಮಾತ್ರೆ ನಡೆಯುತ್ತಿದ್ದರೆ ಹೇಳುವುದಿಲ್ಲ. ಪಕ್ಕದಲ್ಲಿ ಸೊಸೆ ಕೂತಿರುತ್ತಾಳೆ, ಹಿಂದೆ ಸಾಲಿನಲ್ಲಿ ಊರಿನವರು ನಿಂತಿರುತ್ತಾರೆ. ಈ ಒಂದು "ಇಲ್ಲ" ಎಂಬ ಮಾತಿನಿಂದ ಆಗಬಹುದಾದ ತೊಂದರೆಗಳಲ್ಲಿ ಒಂದರ ಹೆಸರು ಸೆರೊಟೋನಿನ್ ಸಿಂಡ್ರೋಮ್. ಹೆಸರು ಕಠಿಣ, ವಿಷಯ ಕಠಿಣವಲ್ಲ. ಸಮಯಕ್ಕೆ ಗುರುತಿಸಿದರೆ ಬಹುತೇಕ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಗುರುತಿಸದೆ ಹೋದರೆ ಜೀವಕ್ಕೂ ಅಪಾಯ.

ಒಂದು ಮನೆಯ ಉದಾಹರಣೆ

ಇದು ಯಾರೊಬ್ಬರ ಕತೆಯೂ ಅಲ್ಲ. ನಮ್ಮ ಊರುಗಳಲ್ಲಿ ಹೇಗೆ ನಡೆಯಬಹುದು ಎಂದು ತೋರಿಸಲು ಕಲ್ಪಿಸಿಕೊಂಡ ಉದಾಹರಣೆ.

ಮಂಜೇಶ್ವರದ ಕಡೆಯ ಒಬ್ಬ ಅಮ್ಮ. ವಯಸ್ಸು 58. ಗಂಡ ತೀರಿಕೊಂಡ ಮೇಲೆ ನಿದ್ದೆ ಇಲ್ಲ, ಊಟ ಸೇರದು, ಸುಮ್ಮನೆ ಅಳು. ಮಗ ಮಂಗಳೂರಿನ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದ. ಎಸ್ಸಿಟಲೋಪ್ರಾಮ್ ಎಂಬ ಮಾತ್ರೆ ಶುರುವಾಯಿತು. ಆರು ತಿಂಗಳಲ್ಲಿ ಅಮ್ಮ ಮೊದಲಿನಂತಾದರು. ಮಾತ್ರೆ ಮುಂದುವರಿದಿದೆ, ಆದರೆ ಅದು ಮನೆಯ ಗುಟ್ಟು. ಮಳೆಗಾಲದಲ್ಲಿ ಮಂಡಿನೋವು ಜೋರಾಯಿತು. ಮಂಗಳೂರಿಗೆ ಹೋಗುವುದು ಯಾಕೆಂದು ಊರಿನ ಹತ್ತಿರದ ಡಾಕ್ಟರಿಗೆ ತೋರಿಸಿದರು. ಅವರು ಕೇಳಿದ ಪ್ರಶ್ನೆಗೆ ಅಮ್ಮ "ಇಲ್ಲ" ಎಂದರು. ಡಾಕ್ಟರು ಟ್ರಾಮಡಾಲ್ ಇರುವ ನೋವಿನ ಮಾತ್ರೆ ಬರೆದರು. ಜೊತೆಗೆ ಒಣಕೆಮ್ಮು ಇತ್ತೆಂದು ಮೆಡಿಕಲ್ ಶಾಪಿನಿಂದ ಮಗ ಒಂದು ಕೆಮ್ಮಿನ ಸಿರಪ್ ಕೂಡ ತಂದ.

ರಾತ್ರಿ ಹತ್ತು ಗಂಟೆಗೆ ಅಮ್ಮನಿಗೆ ಮೈಯೆಲ್ಲ ಬೆವರು. ಕೈ ನಡುಕ. ಎರಡು ಸಲ ಭೇದಿ. ಕೂತಲ್ಲಿ ಕೂರಲಾಗದ ಚಡಪಡಿಕೆ, ಎದೆ ಡವಡವ. ಮನೆಯವರು ಏನೆಂದುಕೊಂಡರು? "ಹಳೆಯ ಗಾಬರಿ ಕಾಯಿಲೆ ಮತ್ತೆ ಬಂತು." ಮಗ ಹೇಳಿದ: "ಅಮ್ಮಾ, ಮಂಗಳೂರಿನ ಮಾತ್ರೆ ಇನ್ನೊಂದು ತೆಗೆದುಕೊಳ್ಳಿ, ಸರಿಹೋಗುತ್ತದೆ."

ಪ್ರೀತಿಯಿಂದ ಕೊಟ್ಟ ಆ ಇನ್ನೊಂದು ಮಾತ್ರೆಯೇ ಉರಿಯುವ ಬೆಂಕಿಗೆ ಸೀಮೆಎಣ್ಣೆ. ಈ ಲೇಖನದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೂ ಇದೊಂದು ಉಳಿಯಲಿ: ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಹೊಸ ಔಷಧಿ ಶುರುವಾದ ಅಥವಾ ಪ್ರಮಾಣ ಹೆಚ್ಚಿದ ಒಂದೆರಡು ದಿನದೊಳಗೆ ಬೆವರು, ನಡುಕ, ಚಡಪಡಿಕೆ ಒಟ್ಟಿಗೆ ಬಂದರೆ, "ಕಾಯಿಲೆ ಹೆಚ್ಚಾಯಿತು" ಎನ್ನುವ ಮೊದಲು "ಔಷಧಿ ಹೆಚ್ಚಾಯಿತೇ?" ಎಂದು ಕೇಳಬೇಕು.

ಸೆರೊಟೋನಿನ್ ಎಂದರೇನು?

ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಮನಸ್ಸಿನ ಸ್ಥಿತಿ, ನಿದ್ದೆ, ಹಸಿವು, ಮೈಯ ಬಿಸಿ, ಸ್ನಾಯುಗಳ ಬಿಗಿತ ಇವೆಲ್ಲದರಲ್ಲೂ ಅದರ ಕೈವಾಡವಿದೆ. ಅಚ್ಚರಿಯೆಂದರೆ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಅದು ಅತಿಯಾದಾಗ ಭೇದಿ ಯಾಕೆ ಆಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಒಂದು ನರಕೋಶ ಸೆರೊಟೋನಿನ್ ಬಿಡುಗಡೆ ಮಾಡುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ತಾನೇ ವಾಪಸು ಹೀರಿಕೊಳ್ಳುತ್ತದೆ, ಉಳಿದದ್ದನ್ನು ಒಂದು ಕಿಣ್ವ ಒಡೆದು ಹಾಕುತ್ತದೆ. ತೊಟ್ಟಿಗೆ ನಲ್ಲಿಯೂ ಇದೆ, ನೀರು ಹೊರಗೆ ಹೋಗುವ ತೂಬೂ ಇದೆ ಎಂದುಕೊಳ್ಳಿ. ಖಿನ್ನತೆಯ ಹೆಚ್ಚಿನ ಔಷಧಿಗಳು ತೂಬನ್ನು ಸ್ವಲ್ಪ ಮುಚ್ಚುತ್ತವೆ, ಅಂದರೆ ವಾಪಸು ಹೀರಿಕೊಳ್ಳುವುದನ್ನು ತಡೆಯುತ್ತವೆ. ತೊಟ್ಟಿಯಲ್ಲಿ ನೀರಿನ ಮಟ್ಟ ಏರುತ್ತದೆ. ಅದೇ ಚಿಕಿತ್ಸೆ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಹೊತ್ತಿಗೆ ಬೇರೆ ಔಷಧಿ ಬಂದು ಇನ್ನೊಂದು ತೂಬನ್ನೂ ಮುಚ್ಚಿದರೆ ಅಥವಾ ನಲ್ಲಿಯನ್ನು ಜೋರಾಗಿ ತಿರುಗಿಸಿದರೆ ತೊಟ್ಟಿ ತುಂಬಿ ಹರಿಯುತ್ತದೆ. ಆ ತುಂಬಿ ಹರಿಯುವ ಸ್ಥಿತಿಯೇ ಸೆರೊಟೋನಿನ್ ಸಿಂಡ್ರೋಮ್. ಇದು ಅಲರ್ಜಿ ಅಲ್ಲ. ಹೊಸ ರೋಗವೂ ಅಲ್ಲ. ಒಂದು ರೀತಿಯ ವಿಷಪ್ರಭಾವ.

ಯಾವ ಔಷಧಿಗಳು ಕೂಡಿದರೆ ಎಚ್ಚರ ಬೇಕು?

ಮೊದಲನೆಯ ಗುಂಪು ಮನೋವೈದ್ಯರು ಬರೆಯುವವು. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಯಾಕ್ಸೆಟಿನ್, ಪ್ಯಾರೊಕ್ಸೆಟಿನ್, ಫ್ಲುವಾಕ್ಸಮಿನ್, ವೆನ್ಲಾಫ್ಯಾಕ್ಸಿನ್, ಡುಲಾಕ್ಸೆಟಿನ್, ಕ್ಲೋಮಿಪ್ರಮಿನ್, ಇಮಿಪ್ರಮಿನ್ ಇತ್ಯಾದಿ. ಲಿಥಿಯಂ ಕೂಡ ಇವುಗಳ ಪ್ರಭಾವವನ್ನು ಹೆಚ್ಚಿಸಬಲ್ಲದು. ಡುಲಾಕ್ಸೆಟಿನ್ ಅನ್ನು ಸಕ್ಕರೆ ಕಾಯಿಲೆಯಿಂದ ಬರುವ ಕಾಲುರಿಗೂ ಕೊಡುತ್ತಾರೆ. ಹಾಗಾಗಿ "ನನಗೆ ಮನಸ್ಸಿನ ಕಾಯಿಲೆಯೇ ಇಲ್ಲ" ಎನ್ನುವವರೂ ಇಂಥ ಮಾತ್ರೆ ನುಂಗುತ್ತಿರಬಹುದು.

ಎರಡನೆಯ ಗುಂಪು ಬೇರೆ ಡಾಕ್ಟರುಗಳಿಂದ ಬರುವವು. ಇಲ್ಲೇ ಹೆಚ್ಚು ಗಮನ ಬೇಕು.

ಟ್ರಾಮಡಾಲ್: ಸೊಂಟನೋವು, ಮಂಡಿನೋವು, ಆಪರೇಷನ್ ನಂತರದ ನೋವಿಗೆ ಬರೆಯುವ ಮಾತ್ರೆ. ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಸೇರಿಸಿ ಒಂದೇ ಮಾತ್ರೆಯಾಗಿ ಬರುತ್ತದೆ. 2018ರಲ್ಲಿ ಇದನ್ನು ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯಡಿ ತಂದರು. ಆದರೂ ಹಳೆಯ ಚೀಟಿಯ ಉಳಿದ ಮಾತ್ರೆಗಳು ಮನೆಯ ಡಬ್ಬಿಯಲ್ಲಿ ಇರುವುದುಂಟು. ಇದರ ಇನ್ನೊಂದು ಗುಣವನ್ನು ತಿಳಿದಿರಬೇಕು. ಟ್ರಾಮಡಾಲ್ ಪೂರ್ತಿ ನೋವು ಶಮನ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮಾರ್ಪಡಿಸಬೇಕು. ಫ್ಲುಯಾಕ್ಸೆಟಿನ್, ಪ್ಯಾರೊಕ್ಸೆಟಿನ್ ಆ ಕಿಣ್ವವನ್ನೇ ತಡೆಯುತ್ತವೆ. ಪರಿಣಾಮ, ನೋವು ಇಳಿಯುವುದು ಕಡಿಮೆ, ಸೆರೊಟೋನಿನ್ ಏರಿಸುವ ಮೂಲರೂಪ ದೇಹದಲ್ಲಿ ಹೆಚ್ಚು. ನೋವು ಇಳಿಯಲಿಲ್ಲವೆಂದು ರೋಗಿ ಇನ್ನೊಂದು ಮಾತ್ರೆ ನುಂಗುತ್ತಾನೆ. ಅಪಾಯ ಹೀಗೆ ಬೆಳೆಯುತ್ತದೆ. ಟ್ರಾಮಡಾಲ್‌ನಿಂದ ಫಿಟ್ಸ್ ಬರುವ ಸಾಧ್ಯತೆಯೂ ಇಂಥ ಜೋಡಿಯಲ್ಲಿ ಹೆಚ್ಚು.

ಡೆಕ್ಸ್ಟ್ರೊಮೆಥಾರ್ಫನ್: ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿ ಇರುತ್ತದೆ. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಕೆಮ್ಮಿನ ಸಿರಪ್ ಔಷಧಿಯೇ ಅಲ್ಲ ಎಂಬಂತೆ ನಾವು ಕುಡಿಯುತ್ತೇವೆ.

ಲಿನೆಜೊಲಿಡ್: ಕೆಲವು ಗಂಭೀರ ಸೋಂಕುಗಳಿಗೆ, ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಆಂಟಿಬಯಾಟಿಕ್. ಸೆರೊಟೋನಿನ್ ಒಡೆಯುವ ಕಿಣ್ವವನ್ನು ಇದು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಯದ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವುದರಿಂದ, ನಡುವೆ ಖಿನ್ನತೆಗೆ ಮಾತ್ರೆ ಶುರುಮಾಡುವಾಗ ಇಬ್ಬರು ಡಾಕ್ಟರಿಗೂ ವಿಷಯ ಗೊತ್ತಿರಲೇಬೇಕು.

ಪೆಥಿಡಿನ್, ಫೆಂಟನಿಲ್, ಮೆಥಿಲೀನ್ ಬ್ಲೂ: ಇವು ಆಪರೇಷನ್ ಥಿಯೇಟರಿನಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೊಡುವವು. ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರು ಕೇಳಿದಾಗ ಎಲ್ಲ ಮಾತ್ರೆಗಳನ್ನೂ ಹೇಳಬೇಕಾದದ್ದು ಇದಕ್ಕೇ.

ಅಮಿಟ್ರಿಪ್ಟಿಲಿನ್, ಟ್ರಿಪ್ಟಾನ್‌ಗಳು: ಮೈಗ್ರೇನ್ ತಲೆನೋವಿಗೆ ಬರೆಯುವವು. ಇವುಗಳಿಂದ ಅಪಾಯ ಕಡಿಮೆ. ಡಾಕ್ಟರುಗಳು ತಿಳಿದೇ ಜೋಡಿಸುವುದೂ ಉಂಟು. ತಿಳಿಸುವುದು ಮಾತ್ರ ನಮ್ಮ ಕೆಲಸ.

ಸೆಲೆಜಿಲಿನ್, ರಸಜಿಲಿನ್: ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳು. ಮನೆಯ ಹಿರಿಯರಿಗೆ ಇವು ನಡೆಯುತ್ತಿದ್ದರೆ ಖಿನ್ನತೆಯ ಮಾತ್ರೆ ಶುರುಮಾಡುವ ಡಾಕ್ಟರಿಗೆ ಹೇಳಲೇಬೇಕು.

ಮೂರನೆಯ ಗುಂಪು "ಇದೆಲ್ಲ ನೈಸರ್ಗಿಕ" ಎಂದು ಆನ್‌ಲೈನಿನಲ್ಲಿ ತರಿಸುವವು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, ಟ್ರಿಪ್ಟೊಫಾನ್ ಮತ್ತು 5-ಎಚ್‌ಟಿಪಿ ಎಂಬ ಪೂರಕ ಮಾತ್ರೆಗಳು. ನಿದ್ದೆಗೆ, ಮನಸ್ಸಿನ ಉಲ್ಲಾಸಕ್ಕೆ ಎಂದು ಮಾರುತ್ತಾರೆ. ಇವೂ ಅದೇ ತೊಟ್ಟಿಗೆ ನೀರು ಬಿಡುತ್ತವೆ.

ಪಟ್ಟಿ ನೋಡಿ ಹೆದರಬೇಡಿ. ಒಂದೇ ಮಾತ್ರೆಯನ್ನು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎರಡು ಔಷಧಿ ಕೂಡಿದರೂ ಎಲ್ಲರಿಗೂ ತೊಂದರೆ ಬರುವುದಿಲ್ಲ. ತೀವ್ರ ತೊಂದರೆ ಹೆಚ್ಚಾಗಿ ಕಾಣುವುದು ಸೆರೊಟೋನಿನ್ ಒಡೆಯುವ ಕಿಣ್ವವನ್ನು ತಡೆಯುವ ಔಷಧಿಗಳ ಜೊತೆ ಬೇರೆಯದು ಸೇರಿದಾಗ ಮತ್ತು ಬಹಳ ಮಾತ್ರೆಗಳನ್ನು ಒಟ್ಟಿಗೆ ನುಂಗಿದಾಗ.

ಗುರುತಿಸುವುದು ಹೇಗೆ?

ಲಕ್ಷಣಗಳನ್ನು ಮೂರು ಗೂಡುಗಳಲ್ಲಿ ಇಟ್ಟುಕೊಂಡರೆ ನೆನಪಿರುತ್ತದೆ.

ಮನಸ್ಸು: ಚಡಪಡಿಕೆ, ಗಾಬರಿ, ಗೊಂದಲ, ನಿದ್ದೆ ಬಾರದಿರುವುದು. ತೀವ್ರವಾದರೆ ಬಡಬಡಿಸುವುದು, ಎಚ್ಚರ ತಪ್ಪುವುದು.

ಮೈ: ಬೆವರು, ಎದೆಬಡಿತ ಜೋರಾಗುವುದು, ಬಿಪಿ ಏರುಪೇರು, ಕಣ್ಣಿನ ಪಾಪೆ ದೊಡ್ಡದಾಗುವುದು, ಭೇದಿ, ವಾಂತಿ, ಜ್ವರ.

ಸ್ನಾಯು: ಕೈಕಾಲು ನಡುಕ, ಸ್ನಾಯುಗಳು ಪಟಪಟನೆ ಎಳೆದುಕೊಳ್ಳುವುದು, ಬಿಗಿತ. ಕೈಗಿಂತ ಕಾಲಿನಲ್ಲಿ ಹೆಚ್ಚು.

ಡಾಕ್ಟರುಗಳಿಗೆ ಅತ್ಯಂತ ದೊಡ್ಡ ಸುಳಿವು ಸಿಗುವುದು ಮೂರನೆಯ ಗೂಡಿನಲ್ಲಿ. ರೋಗಿಯ ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ಆಗ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಿರುವಂತೆ ಪಾದ ತಾನಾಗಿಯೇ ಬಡಿದುಕೊಳ್ಳುತ್ತದೆ. ಇದಕ್ಕೆ ಕ್ಲೋನಸ್ ಎನ್ನುತ್ತಾರೆ. ಕೆಲವರಲ್ಲಿ ಕಣ್ಣುಗುಡ್ಡೆಗಳೂ ಹೀಗೆ ಅತ್ತಿತ್ತ ಓಡುತ್ತವೆ. ಆಸ್ಟ್ರೇಲಿಯಾದ ನ್ಯೂಕಾಸಲ್ ಪ್ರದೇಶದ ವಿಷವೈದ್ಯರು 2003ರಲ್ಲಿ ಪ್ರಕಟಿಸಿದ ಹಂಟರ್ ಮಾನದಂಡದಲ್ಲಿ ಕ್ಲೋನಸ್‌ಗೇ ಮೊದಲ ಸ್ಥಾನ. ಇಂದು ವೈದ್ಯರು ಹೆಚ್ಚಾಗಿ ಬಳಸುವುದು ಅದನ್ನೇ. ರಕ್ತಪರೀಕ್ಷೆಯಿಂದ ಈ ತೊಂದರೆ ಗೊತ್ತಾಗುವುದಿಲ್ಲ. ಮೈ ನೋಡಿ, ಮಾತ್ರೆಗಳ ಪಟ್ಟಿ ನೋಡಿಯೇ ತಿಳಿಯಬೇಕು. ಪಟ್ಟಿಯೇ ಸುಳ್ಳಾದರೆ ಎಂಥ ಡಾಕ್ಟರಿಗಾದರೂ ಕಷ್ಟ.

ಇನ್ನೊಂದು ಸುಳಿವು ಸಮಯ. ಹೊಸ ಔಷಧಿ, ಹೆಚ್ಚಿದ ಪ್ರಮಾಣ ಅಥವಾ ಅತಿ ಸೇವನೆಯ ನಂತರ ಹೆಚ್ಚಿನವರಲ್ಲಿ 24 ಗಂಟೆಯೊಳಗೆ ಲಕ್ಷಣ ಕಾಣುತ್ತದೆ. ಎಷ್ಟೋ ಜನರಲ್ಲಿ ಮೊದಲ 6 ಗಂಟೆಯಲ್ಲೇ ಕಾಣುತ್ತದೆ.

ಇದನ್ನು ಬೇರೆ ತೊಂದರೆಗಳಿಂದ ಬೇರ್ಪಡಿಸಿ ನೋಡಬೇಕು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಿಗಳಿಂದ ಅಪರೂಪಕ್ಕೆ ಬರುವ ಇನ್ನೊಂದು ಗಂಭೀರ ಸ್ಥಿತಿಯಲ್ಲಿಯೂ ಜ್ವರ, ಬಿಗಿತ ಇರುತ್ತವೆ. ಆದರೆ ಅದು ದಿನಗಳ ಅವಧಿಯಲ್ಲಿ ನಿಧಾನವಾಗಿ ಏರುತ್ತದೆ, ಮೈ ಕಬ್ಬಿಣದ ಕೊಳವೆಯಂತೆ ಸೆಟೆದುಕೊಳ್ಳುತ್ತದೆ. ಸೆರೊಟೋನಿನ್ ಹೆಚ್ಚಾದಾಗ ಗಂಟೆಗಳಲ್ಲೇ ಏರುತ್ತದೆ, ನಡುಕ ಮತ್ತು ಕ್ಲೋನಸ್ ಎದ್ದು ಕಾಣುತ್ತವೆ. ಎರಡರಲ್ಲಿಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇರ್ಪಡಿಸುವ ಕೆಲಸ ಡಾಕ್ಟರದು.

ಆ ಹೊತ್ತಿನಲ್ಲಿ ಏನು ಮಾಡಬೇಕು?

ಮುಂದಿನ ಮಾತ್ರೆ ಕೊಡಬೇಡಿ. ಮನಸ್ಸಿನ ಮಾತ್ರೆಯನ್ನೂ ಕೊಡಬೇಡಿ, ನೋವಿನ ಮಾತ್ರೆಯನ್ನೂ ಕೊಡಬೇಡಿ. ಸಣ್ಣ ನಡುಕ, ಸ್ವಲ್ಪ ಬೆವರು ಮಾತ್ರ ಇದ್ದರೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ನಡೆಯಿರಿ. ಜ್ವರ, ಗೊಂದಲ, ಬಿಗಿತ, ನಿಲ್ಲದ ಸ್ನಾಯು ಸೆಳೆತ, ಫಿಟ್ಸ್ ಇವುಗಳಲ್ಲಿ ಒಂದಿದ್ದರೂ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೊರಡಿ. ನಮ್ಮ ಸದಸ್ಯರಿರುವ ಎಲ್ಲ ರಾಜ್ಯಗಳಲ್ಲಿಯೂ 108 ಆಂಬುಲೆನ್ಸ್ ಸೇವೆ ಇದೆ. ಆ ಹೊತ್ತಿನಲ್ಲಿ ಗಡಿ ದಾಟಿ "ನಮ್ಮ ಡಾಕ್ಟರ" ಹತ್ತಿರವೇ ಹೋಗಬೇಕೆಂದು ಹಟ ಹಿಡಿಯಬೇಡಿ. ಹತ್ತಿರದ ತುರ್ತು ಚಿಕಿತ್ಸಾ ಘಟಕವೇ ಸರಿಯಾದ ಜಾಗ.

ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿ, ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ಖಾಲಿ ಸ್ಟ್ರಿಪ್ ಕೂಡ ಬೇಕು. ಎಷ್ಟು ನುಂಗಿದ್ದಾರೆಂದು ಅದರಿಂದ ಗೊತ್ತಾಗುತ್ತದೆ.

ಜ್ವರ ಇದೆಯೆಂದು ಪ್ಯಾರಾಸಿಟಮಾಲ್ ಕೊಟ್ಟು ಕಾಯುತ್ತ ಕೂರಬೇಡಿ. ಈ ಬಿಸಿ ಬರುವುದು ಸ್ನಾಯುಗಳು ಬಿಡದೆ ಕೆಲಸ ಮಾಡುವುದರಿಂದ. ಮಾಮೂಲು ಜ್ವರದ ಮಾತ್ರೆಗೆ ಅದು ಇಳಿಯುವುದಿಲ್ಲ. ಚಡಪಡಿಸುವವರನ್ನು ನಾಲ್ಕು ಜನ ಹಿಡಿದು ಕಟ್ಟಿಹಾಕಲೂಬೇಡಿ. ಅವರು ಎಳೆದಾಡಿದಷ್ಟೂ ಮೈ ಬಿಸಿ ಏರುತ್ತದೆ. ದಪ್ಪ ಹೊದಿಕೆ ತೆಗೆಯಿರಿ, ಗಾಳಿ ಆಡಲಿ, ಪಕ್ಕದಲ್ಲಿದ್ದು ಸಮಾಧಾನವಾಗಿ ಮಾತನಾಡಿ.

ಆಸ್ಪತ್ರೆಯಲ್ಲಿ ಮೊದಲು ಕಾರಣವಾದ ಔಷಧಿ ನಿಲ್ಲಿಸುತ್ತಾರೆ, ಡ್ರಿಪ್ ಹಾಕುತ್ತಾರೆ, ಸ್ನಾಯು ಮತ್ತು ಮನಸ್ಸು ಶಾಂತವಾಗಲು ಲೊರಾಜೆಪಾಮ್, ಡಯಾಜೆಪಾಮ್‌ನಂಥ ಔಷಧಿ ಕೊಡುತ್ತಾರೆ, ಮೈ ತಣಿಸುತ್ತಾರೆ. ಕೆಲವರಿಗೆ ಸೈಪ್ರೊಹೆಪ್ಟಡಿನ್ ಕೊಡುತ್ತಾರೆ. ಮಕ್ಕಳಿಗೆ ಹಸಿವಾಗಲೆಂದು ಕೊಡುವ ಸಿರಪ್‌ಗಳಲ್ಲಿ ಇರುವುದು ಇದೇ ಔಷಧಿ. ಹಾಗೆಂದು ಮನೆಯಲ್ಲಿ ಆ ಸಿರಪ್ ಕುಡಿಸಿ ಚಿಕಿತ್ಸೆ ಮಾಡಲು ಹೋಗಬೇಡಿ. ಮೈಯ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಐಸಿಯುನಲ್ಲಿ ಉಸಿರಾಟದ ಯಂತ್ರದ ನೆರವೂ ಬೇಕಾಗುತ್ತದೆ. ಹೆಚ್ಚಿನವರು ಔಷಧಿ ನಿಲ್ಲಿಸಿದ 24 ಗಂಟೆಗಳಲ್ಲಿ ಸುಧಾರಿಸುತ್ತಾರೆ. ಫ್ಲುಯಾಕ್ಸೆಟಿನ್‌ನಂತೆ ಮೈಯಲ್ಲಿ ಬಹಳ ದಿನ ಉಳಿಯುವ ಔಷಧಿಯಾದರೆ ಸಮಯ ಹೆಚ್ಚು ಹಿಡಿಯುತ್ತದೆ.

ನ್ಯೂಯಾರ್ಕಿನ ಒಂದು ರಾತ್ರಿ

ಈ ತೊಂದರೆಯತ್ತ ಜನರ ಗಮನ ಸೆಳೆದದ್ದು ಒಂದು ದುಃಖದ ಘಟನೆ. 1984ರ ಮಾರ್ಚ್‌ನಲ್ಲಿ ಲಿಬಿ ಝಯಾನ್ ಎಂಬ 18 ವರ್ಷದ ವಿದ್ಯಾರ್ಥಿನಿ ಜ್ವರ, ಚಡಪಡಿಕೆ, ಮೈ ಎಳೆತದಿಂದ ನ್ಯೂಯಾರ್ಕಿನ ಆಸ್ಪತ್ರೆಗೆ ದಾಖಲಾದಳು. ಖಿನ್ನತೆಗೆ ಫಿನೆಲ್ಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಸೆರೊಟೋನಿನ್ ಒಡೆಯುವ ಕಿಣ್ವವನ್ನು ತಡೆಯುವ ಔಷಧಿ ಅದು. ಆಸ್ಪತ್ರೆಯಲ್ಲಿ ನಡುಕ ನಿಲ್ಲಿಸಲು ಪೆಥಿಡಿನ್ ಕೊಟ್ಟರು. ಚಡಪಡಿಕೆ ಹೆಚ್ಚಿದಾಗ ಕಟ್ಟಿಹಾಕಿದರು. ಬೆಳಗಿನ ಹೊತ್ತಿಗೆ ಮೈಯ ಬಿಸಿ 107 ಡಿಗ್ರಿ ಫ್ಯಾರನ್‌ಹೀಟ್ ತಲುಪಿತ್ತು. ಹುಡುಗಿ ಉಳಿಯಲಿಲ್ಲ.

ಸಾವಿನ ಕಾರಣದ ಬಗ್ಗೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಈ ಎರಡು ಔಷಧಿಗಳ ಜೋಡಿಯಿಂದ ಬಂದ ಸೆರೊಟೋನಿನ್ ಸಿಂಡ್ರೋಮ್ ಎಂದೇ ಇಂದು ಅನೇಕ ವೈದ್ಯರ ಅಭಿಪ್ರಾಯ. ಪತ್ರಕರ್ತರಾಗಿದ್ದ ತಂದೆ ಸಿಡ್ನಿ ಝಯಾನ್ ಸುಮ್ಮನಿರಲಿಲ್ಲ. ನಿದ್ದೆಗೆಟ್ಟು ದುಡಿಯುವ ಕಿರಿಯ ವೈದ್ಯರ ಪರಿಸ್ಥಿತಿಯನ್ನು ಪ್ರಶ್ನಿಸಿದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಕಿರಿಯ ವೈದ್ಯರ ಕೆಲಸವನ್ನು ವಾರಕ್ಕೆ ಸುಮಾರು 80 ಗಂಟೆಗೆ ಮಿತಿಗೊಳಿಸುವ ನಿಯಮ ತಂದಿತು. ಇಂದಿಗೂ ಅದನ್ನು ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತಾರೆ.

ಅಷ್ಟು ದೊಡ್ಡ ಊರಿನ ಆಸ್ಪತ್ರೆಯಲ್ಲಿಯೂ ಹೀಗಾಗಬಹುದಾದರೆ, ಮೂರು ಊರಿನ ಮೂರು ಚೀಟಿ ಹಿಡಿದು ಓಡಾಡುವ ನಾವು ಎಷ್ಟು ಎಚ್ಚರವಾಗಿರಬೇಕು?

ಗಡಿಯಲ್ಲಿರುವ ನಮಗೆ ಈ ಎಚ್ಚರ ಯಾಕೆ ಹೆಚ್ಚು ಬೇಕು?

ಕಾಸರಗೋಡಿನವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗುತ್ತಾರೆ, ಸಣ್ಣದಕ್ಕೆ ಊರಲ್ಲೇ ತೋರಿಸುತ್ತಾರೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡು ಅಲ್ಲಿನವರಿಗೆ ಮರೆತಿಲ್ಲ. ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರ, ನೋವಿನ ಮಾತ್ರೆಗೆ ಮನೆ ಪಕ್ಕದ ಕ್ಲಿನಿಕ್ ಇನ್ನೂ ಹತ್ತಿರ. ಜತ್ತದವರಿಗೆ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಸಾಂಗಲಿ, ಮಿರಜ. ಆದೋನಿ, ರಾಯದುರ್ಗದವರಿಗೆ ಬಳ್ಳಾರಿಯೂ ಇದೆ, ಕರ್ನೂಲು, ಅನಂತಪುರವೂ ಇವೆ. ತಾಂಡೂರು, ನಾರಾಯಣಪೇಟೆಯವರು ಹೈದರಾಬಾದಿಗೂ ಹೋಗುತ್ತಾರೆ, ಕಲಬುರಗಿ, ರಾಯಚೂರಿಗೂ ಹೋಗುತ್ತಾರೆ.

ಎರಡು ಕಡೆಯ ಸೌಲಭ್ಯ ಸಿಗುವುದು ನಮ್ಮ ಭಾಗ್ಯವೇ. ಆದರೆ ಒಬ್ಬ ಡಾಕ್ಟರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದೇ ಔಷಧಿ ಹತ್ತು ಕಂಪನಿಗಳಿಂದ ಹತ್ತು ಹೆಸರಿನಲ್ಲಿ ಬರುತ್ತದೆ. ಗಡಿಯ ಈಚೆ ಒಂದು ಬ್ರಾಂಡ್, ಆಚೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಔಷಧಿಯೆಂದು ತಿಳಿದು ಒಂದೇ ಮಾತ್ರೆಯನ್ನು ಎರಡು ಪಟ್ಟು ನುಂಗುವುದು ಸುಲಭ. ಭಾಷೆಯ ತೊಡಕೂ ಇದೆ. ಮನಸ್ಸಿನ ನೋವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದೆಂದೇ ಹಲವರು ಗಡಿ ದಾಟಿ ಮನೋವೈದ್ಯರಲ್ಲಿಗೆ ಹೋಗುತ್ತಾರೆ. ಅದೇ ಮಾತನ್ನು ಊರಿನ ಡಾಕ್ಟರಿಗೆ ಬೇರೆ ಭಾಷೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಬಾಯಿ ಬಾರದಿದ್ದರೆ ಚೀಟಿ ತೋರಿಸಿ. ನಮ್ಮ ಸಲಹೆ ಇಷ್ಟೇ:

1. ಮನೆಯ ಪ್ರತಿಯೊಬ್ಬರಿಗೂ ಒಂದು ಔಷಧಿ ಪಟ್ಟಿ ಮಾಡಿ. ಬ್ರಾಂಡ್ ಹೆಸರಿನ ಜೊತೆ ಸ್ಟ್ರಿಪ್ ಮೇಲಿರುವ ಮೂಲ ಔಷಧಿಯ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವಾಗಿನಿಂದ ಎಂದು ಬರೆಯಿರಿ. ಇಂಗ್ಲಿಷಿನಲ್ಲಿದ್ದರೆ ಯಾವ ರಾಜ್ಯದಲ್ಲಿಯೂ ಓದುತ್ತಾರೆ. ಕೆಮ್ಮಿನ ಸಿರಪ್, ನಾಟಿ ಔಷಧಿ, ಆನ್‌ಲೈನ್ ಪುಡಿ ಎಲ್ಲವೂ ಇರಲಿ.

2. ಆ ಪಟ್ಟಿಯ ಮತ್ತು ಸ್ಟ್ರಿಪ್‌ಗಳ ಫೋಟೊ ಮೊಬೈಲಿನಲ್ಲಿರಲಿ. ಮನೆಯ ಇನ್ನೊಬ್ಬರ ಮೊಬೈಲಿನಲ್ಲಿಯೂ ಇರಲಿ.

3. ಹೊಸ ಮಾತ್ರೆ ಬರೆದಾಗ ಪಟ್ಟಿ ತೋರಿಸಿ ಕೇಳಿ: "ಇದರ ಜೊತೆ ಇದು ಹೊಂದುತ್ತದೆಯೇ?" ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟರನ್ನೂ ಕೇಳಿ.

4. ನೋವಿಗೆ, ಕೆಮ್ಮಿಗೆ, ನಿದ್ದೆಗೆ ಚೀಟಿಯಿಲ್ಲದೆ ಮಾತ್ರೆ ತರಬೇಡಿ. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆ ನಮಗೆ ಹಿಡಿಸಬೇಕೆಂದಿಲ್ಲ. ಪ್ಯಾರಾಸಿಟಮಾಲ್ ಈ ತೊಂದರೆಯ ಗುಂಪಿಗೆ ಸೇರಿಲ್ಲ. ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಅದಕ್ಕೂ ಕೇಳಿಯೇ ತೆಗೆದುಕೊಳ್ಳಿ.

5. ಒಂದು ಮಾತ್ರೆ ನಿಲ್ಲಿಸಿ ಇನ್ನೊಂದಕ್ಕೆ ಬದಲಾಯಿಸುವಾಗ ಡಾಕ್ಟರು ಹೇಳಿದ ಅಂತರ ಪಾಲಿಸಿ. ಫ್ಲುಯಾಕ್ಸೆಟಿನ್ ನಿಲ್ಲಿಸಿದರೂ ಮೈಯಿಂದ ಪೂರ್ತಿ ಹೋಗಲು ವಾರಗಳು ಬೇಕು. ಕೆಲವು ಔಷಧಿಗಳನ್ನು ಶುರುಮಾಡಲು 5 ವಾರ ಕಾಯಬೇಕಾಗುತ್ತದೆ. "ನಿಲ್ಲಿಸಿ ಹತ್ತು ದಿನವಾಯಿತು, ಇನ್ನೇನು ಹೇಳುವುದು" ಎನ್ನಬೇಡಿ. ಕಳೆದ ಎರಡು ತಿಂಗಳಲ್ಲಿ ನಿಲ್ಲಿಸಿದ್ದನ್ನೂ ಹೇಳಿ.

ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ

ಇದನ್ನು ಓದಿ ಯಾರಾದರೂ ಹೆದರಿ ನಾಳೆಯಿಂದಲೇ ಖಿನ್ನತೆಯ ಮಾತ್ರೆ ಬಿಟ್ಟರೆ ಈ ಲೇಖನ ಬರೆದದ್ದೇ ತಪ್ಪಾಗುತ್ತದೆ. ಲಕ್ಷಾಂತರ ಜನ ಈ ಮಾತ್ರೆಗಳಿಂದ ಮತ್ತೆ ಕೆಲಸಕ್ಕೆ, ಸಂಸಾರಕ್ಕೆ ಮರಳಿದ್ದಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ಕಾಯಿಲೆ ಮರುಕಳಿಸುವುದು ಇವೆಲ್ಲ ಆಗುತ್ತವೆ. ಮೇಲೆ ಹೇಳಿದ ಲಕ್ಷಣಗಳಿಲ್ಲದೆ ಆರಾಮಾಗಿರುವವರು ಮಾತ್ರೆಯನ್ನು ಹೇಳಿದಂತೆ ಮುಂದುವರಿಸಿ. ಸಂದೇಹವಿದ್ದರೆ ಮುಂದಿನ ಭೇಟಿಯಲ್ಲಿ ಪಟ್ಟಿ ಹಿಡಿದು ಕೇಳಿ.

ಮನೆಯವರಿಗೂ ಒಂದು ಮಾತು. ಮನಸ್ಸಿನ ಕಾಯಿಲೆ ಇರುವವರು ಮೈಗೆ ಏನೋ ಆಗುತ್ತಿದೆ ಎಂದಾಗ "ಎಲ್ಲ ನಿನ್ನ ಭ್ರಮೆ" ಎನ್ನಬೇಡಿ. ಅವರ ಕೈ ಹಿಡಿದು ನೋಡಿ. ಬೆವರಿದೆಯೇ? ನಡುಗುತ್ತಿದೆಯೇ? ನಿನ್ನೆ ಮೊನ್ನೆ ಹೊಸ ಮಾತ್ರೆ ಶುರುವಾಗಿದೆಯೇ? ಬೇಸರದಲ್ಲಿ ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದಾರೆಂಬ ಸಂಶಯ ಬಂದರೆ ಬೈಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸು ಭಾರವಾದಾಗ ಮಾತನಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಲಭ್ಯ, ಹಲವು ಭಾಷೆಗಳಲ್ಲಿ ಇದೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿಯ ಹಕ್ಕು. ನೀವು ಡಾಕ್ಟರಿಗೆ ಹೇಳಿದ್ದು ಊರಿಗೆಲ್ಲ ಹೇಳಿದಂತಲ್ಲ. ಸೊಸೆಯ ಮುಂದೆ ಸಂಕೋಚವಾದರೆ "ಡಾಕ್ಟರೇ, ಒಂದು ನಿಮಿಷ ಒಬ್ಬರೇ ಮಾತನಾಡಬೇಕು" ಎಂದು ಕೇಳಿ.

ಈಗ ಆ ಮಂಜೇಶ್ವರದ ಅಮ್ಮನ ಉದಾಹರಣೆಗೆ ಮರಳೋಣ. ಊರಿನ ಡಾಕ್ಟರ ಮುಂದೆ ಅಮ್ಮ ಪರ್ಸಿನಿಂದ ಒಂದು ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಡಾಕ್ಟರು ಓದಿ ಬೇರೆ ನೋವಿನ ಮಾತ್ರೆ ಬರೆಯುತ್ತಿದ್ದರು.

ನಮ್ಮ ಘಟಕಗಳ ಮುಂದಿನ ಸಭೆಗೆ ಬರುವಾಗ ನಿಮ್ಮ ಮತ್ತು ಮನೆಯ ಹಿರಿಯರ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ತನ್ನಿ. ಪಟ್ಟಿ ಬರೆಯಲು ಬಾರದವರಿಗೆ ನಮ್ಮ ಕಾಲೇಜು ಮಕ್ಕಳು ಬರೆದುಕೊಡಲಿ. ಯಾರ ಚೀಲದಲ್ಲಿ ಏನಿದೆ ಎಂದು ಯಾರೂ ಇಣುಕದಿರಲಿ, ಯಾರೂ ಆಡಿಕೊಳ್ಳದಿರಲಿ. ಅಷ್ಟಾದರೆ ಮುಂದಿನ ಸಲ ಡಾಕ್ಟರು ಯಾವ ಭಾಷೆಯಲ್ಲಿ ಆ ಪ್ರಶ್ನೆ ಕೇಳಿದರೂ ನಾವು ಧೈರ್ಯವಾಗಿ "ಹೌದು, ತೆಗೆದುಕೊಳ್ಳುತ್ತಿದ್ದೇನೆ, ಇಗೋ ನೋಡಿ" ಎನ್ನಬಹುದು.